ಕೋಕಂ ಹಣ್ಣಿನ ಚಿತ್ರವಿರುವ ಹುಳಿ ಬಿಯರ್: ದುಡ್ಡು ಕೊಡುವ ಮುಂಚೆ ಕ್ಯಾನ್ ತಿರುಗಿಸಿ ನೋಡಿ

ಕುಡಿಯುವ ಅಭ್ಯಾಸ ಇಲ್ಲದವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಇರುವವರು, ಅದರಲ್ಲೂ ಬೆಳಗಾವಿ ಕಡೆಯವರು, ಸ್ವಲ್ಪ ನಿಂತು ಓದಿ. ಹಣ್ಣಿನ ಚಿತ್ರ ಹಾಕಿದ ‘ಸಾವರ್ ಬಿಯರ್’ (ಹುಳಿ ಬಿಯರ್) ಕ್ಯಾನ್‌ಗಳು ಈಗ ನಮ್ಮ ವೈನ್ ಶಾಪ್‌ಗಳಿಗೂ ಬರತೊಡಗಿವೆ. ಹುಳಿಯಾಗಿರುವುದೇ ಅದರ ಗುಣ ಎಂಬ ಒಂದು ಮಾತಿನ ಮರೆಯಲ್ಲಿ ಕೆಟ್ಟುಹೋದ ಮಾಲೂ ಸಲೀಸಾಗಿ ಮಾರಾಟವಾಗುತ್ತಿದೆ.

ನಾನು ಕೊಂಡದ್ದು ಕೋಕಂ ಬಿಯರ್. ಕೋಕಂ, ಅಂದರೆ ಮುರುಗಲ ಹಣ್ಣು, ನಮಗೇನೂ ಹೊಸದಲ್ಲ. ಖಾನಾಪುರದ ಕಾಡಿನಲ್ಲಿ ಮರಗಳಿವೆ, ರವಿವಾರ ಪೇಟೆಯಲ್ಲಿ ಒಣಗಿಸಿದ ಕೋಕಂ ಸಿಪ್ಪೆ, ಅಂದರೆ ಆಮಸೂಲ ಸಿಗುತ್ತದೆ, ಮೀನೂಟಕ್ಕೆ ಕೂತರೆ ಕೋಕಂ ಹಾಕಿದ ಸೋಲಕಡಿ ಬಂದೇ ಬರುತ್ತದೆ. ಆ ರುಚಿ ಬಿಯರ್‌ನಲ್ಲಿ ಹೇಗಿರಬಹುದು ಎಂದು ನಾಲ್ಕು ಕ್ಯಾನ್ ತಗೊಂಡೆ, ಒಂದಕ್ಕೆ 220 ರೂಪಾಯಿ. ಟಿಳಕವಾಡಿಯ ಗೆಳೆಯನ ಮಾಳಿಗೆ ಮೇಲೆ ಕೂತು ತೆರೆದೆವು.

ಗ್ಲಾಸಿಗೆ ಸುರಿದಾಗ ನೊರೆ ಕೂಡ ಗುಲಾಬಿ ಬಣ್ಣಕ್ಕಿತ್ತು, ಆದರೆ ನಿಲ್ಲಲಿಲ್ಲ. ಚುರ್ ಎಂದು ಇಳಿದು ಅಂಚಿಗೊಂದು ಗೆರೆ ಮಾತ್ರ ಉಳಿಯಿತು. ಮೂಗಿಗೆ ಮೊದಲು ಬಂದದ್ದು ಪೆಪ್ಪರಮೆಂಟಿನ ಸಿಹಿ ಎಸೆನ್ಸು. ಅದರ ಹಿಂದೆಯೇ ಇನ್ನೊಂದು ವಾಸನೆ.

‘ಲೇ, ಕೂಸು ಹಾಲು ಕಕ್ಕಿದಂಗ ವಾಸನಿ ಬರಾಕತ್ತೈತಲ್ಲೋ!’ ಅಂದ ಗೆಳೆಯ.

‘ಹುಳಿ ಬಿಯರ್ ಅಂದ್ರ ಹಂಗ ಇರತೈತಿ, ಸುಮ್ನ ಕುಡಿ,’ ಅಂದ ಪುಣೆಯಲ್ಲಿ ಕೆಲಸ ಮಾಡುವ ಇನ್ನೊಬ್ಬ. ಆದರೆ ಅವನ ಗ್ಲಾಸೂ ಅರ್ಧಕ್ಕೇ ನಿಂತಿತ್ತು.

ಹಂಗ ಇರೋದಿಲ್ಲ. ನಾನು ಈ ಬರಹ ಬರೆಯಲು ಆ ಮಾತೇ ಕಾರಣ. ಹುಳಿ ಬಿಯರ್‌ಗೆ ಹಳೆಯ ಪರಂಪರೆಯಿದೆ. ಬರ್ಲಿನ್‌ನವರ ‘ಬರ್ಲಿನರ್ ವೈಸ್’ ಇದೆ, ಉಪ್ಪು ಕೊತ್ತಂಬರಿ ಬೀಜ ಹಾಕುವ ಲೈಪ್‌ಜಿಗ್‌ನ ‘ಗೋಸೆ’ ಇದೆ. ಬೆಲ್ಜಿಯಂನ ಬ್ರಸೆಲ್ಸ್ ಸುತ್ತಮುತ್ತ ‘ಲ್ಯಾಂಬಿಕ್’ ಮಾಡುವವರು ಬೇಯಿಸಿದ ಮಾಲ್ಟ್ (ಮೊಳಕೆ ಬರಿಸಿದ ಧಾನ್ಯ) ರಸವನ್ನು ರಾತ್ರಿಯಿಡೀ ತೆರೆದ ತೊಟ್ಟಿಯಲ್ಲಿ ಆರಿಸಿ, ಗಾಳಿಯಲ್ಲಿರುವ ಯೀಸ್ಟನ್ನೇ ಕೂಡಿಸಿಕೊಂಡು, ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಅದಕ್ಕೆ ಚೆರ್ರಿ ಹಾಕಿದರೆ ‘ಕ್ರೀಕ್’. ಅಷ್ಟು ಕಾಯಲು ಆಗದವರು ಈಗ ಹಂಡೆಯಲ್ಲೇ ಹುಳಿ ಹಿಡಿಸುತ್ತಾರೆ: ಮೊಸರಿನಲ್ಲಿರುವಂಥದೇ ಲ್ಯಾಕ್ಟೋಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ ಬಿಟ್ಟು, ಬೆಚ್ಚಗೆ ಒಂದೆರಡು ದಿನ ಇಟ್ಟು, ಬೇಕಾದಷ್ಟು ಹುಳಿ ಬಂದಮೇಲೆ ಕುದಿಸಿ, ಆಮೇಲೆ ಯೀಸ್ಟ್ ಹಾಕುವುದು. ಸಾಮಾನ್ಯ ಬಿಯರ್‌ನ ಪಿಎಚ್ (ಈ ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4ರಿಂದ 4.5ರ ಆಸುಪಾಸಿನಲ್ಲಿದ್ದರೆ ಇದರದು ಸುಮಾರು 3.2ರಿಂದ 3.5.

ಎಡವಟ್ಟಾಗುವುದು ಆ ಒಂದೆರಡು ದಿನದಲ್ಲೇ. ಬೆಚ್ಚಗಿನ ಸಿಹಿ ರಸಕ್ಕೆ ಬೇರೆ ಬ್ಯಾಕ್ಟೀರಿಯಾ ನುಗ್ಗಿದರೆ ಬ್ಯುಟಿರಿಕ್ ಆಮ್ಲ ಹುಟ್ಟುತ್ತದೆ; ಕೂಸು ಕಕ್ಕಿದ ವಾಸನೆ ಅದರದೇ. ಇದನ್ನು ತಡೆಯಲೆಂದೇ ಕಸುಬು ಬಲ್ಲವರು ಮೊದಲೇ ಸ್ವಲ್ಪ ಆಮ್ಲ ಸೇರಿಸಿ ಪಿಎಚ್ಚನ್ನು 4.5ಕ್ಕೆ ಇಳಿಸುತ್ತಾರೆ. ಗಾಳಿ ಸೋಕದಂತೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಏಕೆಂದರೆ ಗಾಳಿ ಒಳಹೊಕ್ಕರೆ ವಿನೆಗರ್‌ನ ಘಾಟು ಬೇರೆ ಸೇರುತ್ತದೆ. ಹದವಾಗಿ ಹುಳಿ ಬಂದ ಮಜ್ಜಿಗೆಗೂ ಮುಗ್ಗು ಹಿಡಿದ ಮಜ್ಜಿಗೆಗೂ ಇರುವ ವ್ಯತ್ಯಾಸ ನಮ್ಮ ನಾಲಿಗೆಗೆ ಯಾರೂ ಹೇಳಿಕೊಡಬೇಕಿಲ್ಲ. ಕ್ಯಾನ್ ಮೇಲೆ ಇಂಗ್ಲಿಷಿನಲ್ಲಿ ಬರೆದಿದೆ ಎಂದ ಮಾತ್ರಕ್ಕೆ ಆ ನಾಲಿಗೆಯನ್ನು ನಂಬದೇ ಇರುವುದೇಕೆ?

ಇನ್ನು ಕೋಕಂ ವಿಷಯ. ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಎರಡು ಬಟ್ಟಲಿಟ್ಟೆ. ಒಂದರಲ್ಲಿ ಆಮಸೂಲ ನೆನೆಸಿದ ನೀರು, ಇನ್ನೊಂದರಲ್ಲಿ ಉಳಿದ ಬಿಯರ್. ಎರಡಕ್ಕೂ ಅಡುಗೆ ಸೋಡಾ ಹಾಕುತ್ತ ಹೋದೆ. ಆಮಸೂಲದ ಕೆಂಪು ಕದಡಿ ನೀಲಿ-ಹಸಿರು ಮಂಕಿಗೆ ತಿರುಗಿತು. ಕೋಕಂನ ಬಣ್ಣ ಆಂಥೋಸಯಾನಿನ್, ಹುಳಿ ಕಳೆದರೆ ಅದು ಬಣ್ಣ ಬದಲಿಸಲೇಬೇಕು. ಬಿಯರ್ ಬುಸ್ ಎಂದು ನೊರೆ ಉಕ್ಕಿಸಿತೇ ಹೊರತು ಗುಲಾಬಿ ಗುಲಾಬಿಯಾಗಿಯೇ ಉಳಿಯಿತು. ಆಗ ಕ್ಯಾನಿನ ಹಿಂದಿನ ಇರುವೆ ಗಾತ್ರದ ಅಕ್ಷರ ಓದಿದೆ: ‘ನೇಚರ್ ಐಡೆಂಟಿಕಲ್ ಫ್ಲೇವರ್’, ‘ಐಎನ್‌ಎಸ್ 122’. ಮೊದಲನೆಯದು ಲ್ಯಾಬಿನಲ್ಲಿ ಮಾಡಿದ ಎಸೆನ್ಸು, ಎರಡನೆಯದು ಕಾರ್ಮೋಯಿಸಿನ್ ಎಂಬ ಕೃತಕ ಕೆಂಪು. ಮುಂದೆ ಹಣ್ಣಿನ ಗೊಂಚಲು, ಹಿಂದೆ ಬಣ್ಣದ ನಂಬರು. ಹಾಕಿದ್ದು ಬರೆದಿದ್ದಾರೆ, ಅಷ್ಟು ನಿಜ. 220 ರೂಪಾಯಿ ಎಸೆನ್ಸಿಗೆ ಕೊಡುತ್ತೀರೋ ಇಲ್ಲವೋ ನಿಮಗೆ ಬಿಟ್ಟದ್ದು.

ತೆರೆಯದೆ ಉಳಿದಿದ್ದ ಒಂದು ಕ್ಯಾನ್ ಹಿಡಿದು ಅಂಗಡಿಗೆ ಹೋದೆ.

‘ವಾಪಸ್ ತಗೊಳ್ಳಂಗಿಲ್ರಿ ಸರ. ಅದು ಹುಳಿನ ಇರೋದಲ್ರಿ.’

ಇಲ್ಲೂ ಅದೇ ಮಾತು! ಕೌಂಟರಿನ ಪಕ್ಕ ನೋಡಿದರೆ ಅದೇ ಬಿಯರ್‌ನ ಪೆಟ್ಟಿಗೆಗಳು ಫ್ರಿಜ್ ಹೊರಗೆ, ಬಿಸಿಲು ಬೀಳುವ ಕಡೆ ಪೇರಿಸಿಟ್ಟಿದ್ದವು, ಏಪ್ರಿಲ್ ತಿಂಗಳಲ್ಲಿ. ಸೆಕೆಗೆ ಯಾವ ಬಿಯರ್ ಆದರೂ ಬೇಗ ಹಳಸುತ್ತದೆ. ನಿಜವಾದ ಹಣ್ಣಿನ ತಿರುಳು ಹಾಕಿ, ಪಾಶ್ಚರೀಕರಿಸದೆ ತುಂಬಿದ್ದಾದರೆ ಇನ್ನೂ ಅಪಾಯ: ಉಳಿದ ಯೀಸ್ಟ್ ಹಣ್ಣಿನ ಸಕ್ಕರೆ ತಿಂದು ಒಳಗೇ ಗ್ಯಾಸ್ ಕಟ್ಟುತ್ತದೆ, ಕ್ಯಾನ್ ಉಬ್ಬುತ್ತದೆ, ಒಡೆಯಲೂಬಹುದು. ತಳ ಅಥವಾ ಮುಚ್ಚಳ ಉಬ್ಬಿದ ಕ್ಯಾನ್ ಮುಟ್ಟಬೇಡಿ.

ನಮಗ್ಯಾರಿಗೂ ಹೊಟ್ಟೆ ಕೆಡಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಎರಡು ಗುಟುಕಿಗೇ ಕೆಳಗಿಟ್ಟಿದ್ದೆವಲ್ಲ.

ನಿಮಗೂ ಇಂಥದ್ದು ಸಿಕ್ಕರೆ ಚೆಲ್ಲುವ ಮುಂಚೆ ಬ್ಯಾಚ್ ನಂಬರ್, ತಯಾರಿಕೆ ದಿನಾಂಕ ಕಾಣುವಂತೆ ಫೋಟೋ ತೆಗೆದುಕೊಳ್ಳಿ. ಮದ್ಯವೂ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದ ಕೆಳಗೇ ಬರುತ್ತದೆ, 2018ರಲ್ಲಿ ಅದಕ್ಕೆಂದೇ ಪ್ರತ್ಯೇಕ ನಿಯಮಾವಳಿ ಮಾಡಿದ್ದಾರೆ. ಅವರ ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ದೂರು ಕೊಡಬಹುದು. ನಾನು ಕೊಟ್ಟಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ಬಿಲ್ ಮಾತ್ರ ಕೊಳ್ಳುವಾಗಲೇ ಬಾಯಿಬಿಟ್ಟು ಕೇಳಿ, ತಾವಾಗಿ ಕೊಡುವ ಅಂಗಡಿ ಇಲ್ಲಿ ಅಪರೂಪ.