ಪಿಕಪ್‌ಗೆ ನೀರಿನ ಕಿಟ್ ಹಾಕಲು ಹೊರಟವರು ಮೊದಲು ಇದನ್ನು ಓದಿ

ಪುಣೆಯಲ್ಲಿ ಪಿಕಪ್ ಓಡಿಸುವ ನಮ್ಮ ಕನ್ನಡದವರಿಗೆ ಹೇಳುತ್ತಿದ್ದೇನೆ. ನೀರಿನಿಂದ ಡೀಸೆಲ್ ಉಳಿಸುವ ಎಚ್‌ಎಚ್‌ಒ ಕಿಟ್ (ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್-ಆಕ್ಸಿಜನ್ ಗ್ಯಾಸ್ ಮಾಡುವ ಡಬ್ಬಿ) ಅಂತ ಯಾರಾದರೂ ಬಂದರೆ ಚಹಾ ಕೂಡ ಕುಡಿಸಬೇಡಿ. ಒಂದು ಡಬ್ಬಿ, ಒಳಗೆ ಸ್ಟೀಲ್ ಪ್ಲೇಟು, ನೀರಿಗೆ ಕಾಸ್ಟಿಕ್ ಪೊಟ್ಯಾಶ್, ಬ್ಯಾಟರಿಯಿಂದ ಎರಡು ವೈರು. ಬರುವ ಗ್ಯಾಸನ್ನು ಏರ್ ಫಿಲ್ಟರ್ ಪೈಪಿಗೆ ಬಿಟ್ಟರೆ ಆವರೇಜ್, ಅಂದರೆ ಮೈಲೇಜ್, 40 ಪರ್ಸೆಂಟ್ ಏರುತ್ತದಂತೆ. ಜೊತೆಗೆ ಸ್ಟೇರಿಂಗ್ ಕೆಳಗಿನ ಓಬಿಡಿ ಸಾಕೆಟ್‌ಗೆ (ಗಾಡಿಯ ದೋಷ ನೋಡಲು ಸರ್ವಿಸ್‌ನವರು ಸ್ಕ್ಯಾನರ್ ಸಿಗಿಸುವ ಜಾಗ) ಸಿಗಿಸುವ ಒಂದು ‘ಚಿಪ್’. ಮನೆಯಲ್ಲೇ ಕೂರಿಸಬಹುದು, ಮೆಕ್ಯಾನಿಕ್ ಬೇಡ ಅಂತ ಬೇರೆ.

ಭೋಸರಿಯಲ್ಲಿ ಮಾರಿದವನು ನನ್ನ ಮುಂದೆಯೇ ಪೈಪನ್ನು ಸೋಪಿನ ನೀರಲ್ಲಿ ಅದ್ದಿ ಗುಳ್ಳೆಗೆ ಲೈಟರ್ ಹಿಡಿದ. ಪಟ್ ಅಂತ ಸಿಡಿಯಿತು. ಯಾರಾದರೂ ನಂಬುತ್ತಾರೆ, ಅಲ್ವಾ? ನಾನೂ ನಂಬಿ ಕಿಟ್ ಹಾಕಿಸಿಕೊಂಡೆ.

ಫುಲ್ ಟ್ಯಾಂಕ್ ಮಾಡಿ ಲೆಕ್ಕ ಹಾಕಿದೆ, ಆವರೇಜ್ ಏರಿರಲಿಲ್ಲ. ಫೋನ್ ಮಾಡಿದರೆ ‘ಇಂಜಿನ್ ಹೊಂದಿಕೊಳ್ಳಬೇಕು ಭಾವು, ಸಾವಿರ ಕಿಲೋಮೀಟರ್ ಓಡಲಿ’ ಅಂದ. ಓಡಿಸಿದೆ. ಆಮೇಲೆ ‘ಪಂಪ್‌ನವರು ಡೀಸೆಲ್ ಕಡಿಮೆ ಹಾಕುತ್ತಾರೆ’. ಆಮೇಲೆ ‘ನೀವು ಆಕ್ಸಿಲರೇಟರ್ ಜಾಸ್ತಿ ಒತ್ತುತ್ತೀರಿ’. ನಾರಾಯಣಗಾಂವ್ ಟೊಮೆಟೊ ತುಂಬಿಕೊಂಡು ಮುಂಬೈ ಪಕ್ಕದ ವಾಶಿಗೆ ಹೋಗಿ, ವಾಪಸ್ ಬೋರ್ ಘಾಟ್ ಹತ್ತುವವನು ನಾನು, ನನಗೆ ಆಕ್ಸಿಲರೇಟರ್ ಕಲಿಸಲು ಬಂದ! ಕೊನೆಗೆ ‘ನಿಮ್ಮ ಗಾಡಿಯಲ್ಲೇ ದೋಷ ಇದೆ’ ಅಂದ. ನನ್ನ ಗಾಡಿಯಲ್ಲೇ ದೋಷ!

ಸಿಟ್ಟಿಗೆ ಆ ಚಿಪ್ ಬಿಚ್ಚಿದೆ. ಓಬಿಡಿಯಲ್ಲಿ 16 ಪಿನ್ ಇರುತ್ತವೆ. ಈಗಿನ ಗಾಡಿಯ ಕಂಪ್ಯೂಟರ್ ಜೊತೆ ಮಾತಾಡಬೇಕಾದರೆ 6 ಮತ್ತು 14ನೇ ಪಿನ್ ಬೇಕು. ಇದರಲ್ಲಿ ಆ ಎರಡಕ್ಕೂ ಏನೂ ಜೋಡಿಸಿಲ್ಲ. ಬ್ಯಾಟರಿ ಕರೆಂಟಿಗೆ 16, ಅರ್ಥಿಂಗ್‌ಗೆ 4, ಅಷ್ಟೇ. ಹಸಿರು ಲೈಟು ಮಿಣುಕಿಸುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವೇ ಇಲ್ಲ! ಆ ಲೈಟನ್ನು ನಾನು ಸೊಸೈಟಿಯವರಿಗೆಲ್ಲ ಕರೆದು ತೋರಿಸಿದ್ದೆ. ಈಗಲೂ ಅವರು ‘ಇವತ್ತು ನೀರು ಹಾಕಿದ್ಯಾ’ ಅಂತ ಕೇಳುತ್ತಾರೆ. ಫೋಟೋ ತೆಗೆದು ಅವನಿಗೆ ಕಳಿಸಿದೆ. ಬಂದ ಉತ್ತರ: ‘ಬಿಚ್ಚಿದಿರಾ? ಹಾಗಾದರೆ ವಾರಂಟಿ ಹೋಯಿತು.’ ಆಮೇಲೆ ಬ್ಲಾಕ್.

ಗ್ಯಾಸ್ ಉರಿಯುವುದು ನಿಜ. ಆದರೆ ಅದನ್ನು ಮಾಡುವ ಕರೆಂಟು ಬರುವುದು ಆಲ್ಟರ್ನೇಟರ್‌ನಿಂದ, ಅದನ್ನು ತಿರುಗಿಸುವುದು ಇಂಜಿನ್, ಇಂಜಿನ್ ಕುಡಿಯುವುದು ಅದೇ ಡೀಸೆಲ್. 12 ವೋಲ್ಟ್‌ಗೆ 20 ಆಂಪ್ ಎಳೆದರೆ 240 ವಾಟ್ ಸುಮ್ನೆ ಹೊರೆ. ಒಂದೊಂದು ಕಡೆಯೂ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ, ಕೊಟ್ಟಷ್ಟು ಯಾವತ್ತೂ ವಾಪಸ್ ಬರುವುದಿಲ್ಲ. ಇದನ್ನು ನನಗೆ ಹೇಳಿದ್ದು ಡಿಪ್ಲೊಮಾ ಓದುವ ಮಗಳು, ಅದೂ ನಗುತ್ತಾ.

ಪೊಟ್ಯಾಶ್ ನೀರು ಸೋರಿದ್ದು ಇನ್ನೊಂದು ಕಥೆ. ಅದು ಅಲ್ಯೂಮಿನಿಯಂ ತಿನ್ನುತ್ತದೆ, ಕೈಗೆ ಬಿದ್ದರೆ ಚರ್ಮ ಸುಡುತ್ತದೆ. ಸರ್ವಿಸ್‌ನವರು ವೈರ್ ಕಟ್ ಮಾಡಿದ್ದು ನೋಡಿ ವೈರಿಂಗ್ ವಾರಂಟಿ ಇಲ್ಲ ಅಂದರು. ಕಂಪನಿ ಕೊಟ್ಟ ಗಾಡಿಯನ್ನು ಹೀಗೆ ಬದಲಿಸುವಂತಿಲ್ಲ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೋಡಿ ಅಂತ ಬುದ್ಧಿಮಾತು ಬೇರೆ.

ಆವರೇಜ್ ಬೇಕಾ? ಟೈರಿಗೆ ಸರಿಯಾಗಿ ಗಾಳಿ ಹಾಕಿ, ಪಟಪಟ ಹಾರುವ ಟಾರ್ಪಾಲ್ ಬಿಗಿದು ಕಟ್ಟಿ, ಎಕ್ಸ್‌ಪ್ರೆಸ್‌ವೇಯಲ್ಲಿ ಸ್ಪೀಡ್ ಇಳಿಸಿ. ಇದನ್ನೆಲ್ಲ ಯಾವ ಕಳ್ಳನೂ ಮಾರುವುದಿಲ್ಲ.

ನನ್ನ ಕಿಟ್ಟನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಡ್ತೀಯಾ ಅಂತ ಇಷ್ಟೆಲ್ಲ ಕೇಳಿಸಿಕೊಂಡವರೇ ಒಬ್ಬರು ಕೇಳಿದರು. ಕೊಡಲ್ಲ.