ಡಿವೋರ್ಸ್ ಅರ್ಜಿಗೆ ಮುಂಚೆ ಕೌನ್ಸೆಲಿಂಗ್: ಸಾವಿರ ರೂಪಾಯಿಗೆ ಏನು ಸಿಗುತ್ತದೆ?

ಧಾರವಾಡದಲ್ಲಿ ಗಂಡ-ಹೆಂಡತಿಗೆ ಕೌನ್ಸೆಲಿಂಗ್ ಮಾಡುವ ಒಬ್ಬ ಮೇಡಂ ಇದ್ದಾರೆ. ಅವರ ಹೆಸರು, ಓಣಿ ಎರಡನ್ನೂ ಇಲ್ಲಿ ಹಾಕುವುದಿಲ್ಲ. ಅವರೇ ಬಾಗಿಲಿಗೆ ಬೋರ್ಡ್ ಹಾಕಿಲ್ಲ. ಯಾಕಂತ ಗೊತ್ತಾಗುತ್ತೆ ಅಲ್ವಾ? ಒಂದು ಸಲಕ್ಕೆ ಸಾವಿರ ರೂಪಾಯಿ, ಹತ್ತಿರ ಹತ್ತಿರ ಒಂದು ತಾಸು. ಬಿಡಬೇಕೋ ಬಾಳಬೇಕೋ ಅಂತ ತಲೆ ಕೆಟ್ಟವರು ಇಲ್ಲಿಗೆ ದುಡ್ಡು ಹಾಕಬಹುದಾ? ಹಾಕಬಹುದು. ಆದರೆ ಕೋರ್ಟಿಗೆ ಅರ್ಜಿ ಹಾಕುವ ಮುಂಚೆ.

ನನ್ನದು ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ಸ್ಪೇರ್ ಪಾರ್ಟ್ಸ್ ಅಂಗಡಿ. ಹೆಂಡತಿಗೆ ಗದಗದಲ್ಲಿ ಬ್ಯಾಂಕ್ ನೌಕರಿ, ಮಗಳನ್ನು ಇಟ್ಟುಕೊಂಡು ಅಲ್ಲೇ ಮನೆ ಮಾಡಿದ್ದಾಳೆ. ಮೊದಲು ವಾರಕ್ಕೊಮ್ಮೆ ಬರುತ್ತಿದ್ದಳು. ಆಮೇಲೆ ಹಬ್ಬಕ್ಕೆ. ಆಮೇಲೆ ಬರೀ ಫೋನು, ಅದೂ ಜಗಳಕ್ಕೆ. ಮನೆಯ ಹಿರಿಯರು ಒಂದು ಭಾನುವಾರ ಕೂಡಿಸಿ ಮಾತಾಡಿಸಿದರು. ನಮ್ಮ ಕಾಕಾ "ಹೊಂದಿಕೊಂಡು ಹೋಗ್ರಿ" ಅಂದರು. ಅವಳ ಸೋದರಮಾವ "ನಮ್ಮ ಹುಡುಗೀದೇನು ತಪ್ಪೈತಿ ಹೇಳ್ರಿ" ಅಂದರು. ಉಪ್ಪಿಟ್ಟು ತಿಂದು ಎದ್ದು ಹೋದರು. ಫ್ರೀ ಸರ್ವೀಸ್, ಅದಕ್ಕೆ ಜಾಸ್ತಿ ಬರೆಯುವುದಿಲ್ಲ.

ವಕೀಲರ ಆಫೀಸಿಗೂ ಹೋಗಿದ್ದೆ. ಹೋಲಿಸಲು ಅದನ್ನು ಹೇಳಲೇಬೇಕು. ವಾರದೊಳಗೆ ಅರ್ಜಿ ಟೈಪ್ ಆಗಿತ್ತು. ಪುಟಗಟ್ಟಲೆ ಮಾನಸಿಕ ಕ್ರೌರ್ಯ. ಓದುತ್ತಾ ಹೋದರೆ ಒಂದು ಕಡೆ, ಎದುರುದಾರಳು ಅರ್ಜಿದಾರನ ವಯಸ್ಸಾದ ತಂದೆತಾಯಿಗೆ ಊಟ ಹಾಕದೆ ಹಿಂಸೆ ಕೊಟ್ಟಿರುತ್ತಾಳೆ ಅಂತ ಇತ್ತು. ನನ್ನ ಅಪ್ಪ-ಅವ್ವ ಇಬ್ಬರೂ ನನ್ನ ಮದುವೆಗೆ ಮೊದಲೇ ತೀರಿಕೊಂಡವರು! ಯಾರದೋ ಹಳೇ ಅರ್ಜಿಯಲ್ಲಿ ಹೆಸರು ಬದಲಿಸಿದ್ದರು. ಕೇಳಿದ್ದಕ್ಕೆ ಗುಮಾಸ್ತ, "ಹಂಗ ಬರೀಬೇಕ್ರಿ ಸರ, ಇಲ್ಲಂದ್ರ ಕೇಸ್ ನಿಲ್ಲೂದಿಲ್ಲ" ಅಂದ. ಅವನ ಮಾತಿಗೂ ಒಂದು ಬುಡ ಇದೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಒಬ್ಬರೇ ಡಿವೋರ್ಸ್ ಕೇಳಿದರೆ ಕ್ರೌರ್ಯ, ಎರಡು ವರ್ಷ ಬಿಟ್ಟು ಹೋಗಿದ್ದು, ಹೀಗೆ ಯಾವುದಾದರೂ ಒಂದು ಕಾರಣ ತೋರಿಸಲೇಬೇಕು. "ನಮಗೆ ಹೊಂದಲಿಲ್ಲ" ಅಂದರೆ ಸಾಲದು. ಆದರೂ ಸತ್ತವರಿಗೆ ಊಟ ಹಾಕಲಿಲ್ಲ ಅಂತ ನಾನು ಸಹಿ ಮಾಡಲಾ? ಕೊಟ್ಟ ಅಡ್ವಾನ್ಸ್ ವಾಪಸ್ ಬರಲಿಲ್ಲ.

ಈಗ ಧಾರವಾಡದ ಮೇಡಂ ವಿಷಯ. ಮೊದಲ ಸಲ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿಸಿದರು. ನನಗೆ ಕೇಳಿದ ಮೊದಲನೇ ಪ್ರಶ್ನೆಯೇ "ಕೈ ಎತ್ತೀರೇನು?" ಸಿಟ್ಟು ಬಂತು. "ಎಲ್ಲಾರಿಗೂ ಕೇಳ್ತೀನ್ರಿ, ನಿಮ್ಮ ಹೆಂಡತಿಗೂ ಕೇಳೀನಿ" ಅಂದರು. ಹೊಡೆತ-ಬಡಿತ ಇರುವ ಕಡೆ ಇಬ್ಬರನ್ನೂ ಒಟ್ಟಿಗೆ ಕೂರಿಸಿದರೆ ಏಟು ತಿಂದವರು ಬಾಯಿ ಬಿಡುವುದಿಲ್ಲ, ಮನೆಗೆ ಹೋದ ಮೇಲೆ ಮತ್ತೆ ತಿನ್ನುತ್ತಾರೆ. ಅಂಥವರನ್ನು ಅವರು ಜೋಡಿಯಾಗಿ ತೆಗೆದುಕೊಳ್ಳುವುದೇ ಇಲ್ಲ. 181 ಮಹಿಳಾ ಸಹಾಯವಾಣಿಯ ನಂಬರ್ ಕೊಟ್ಟು, 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಏನು ರಕ್ಷಣೆ ಇದೆ ಅಂತ ಹೇಳಿ ಕಳಿಸುತ್ತಾರಂತೆ. ನೀವು ಬೇರೆ ಎಲ್ಲಿಗೇ ಹೋಗಿ, ಕೌನ್ಸೆಲರ್ ಈ ಪ್ರಶ್ನೆಯನ್ನು ಒಬ್ಬೊಬ್ಬರಿಗೇ ಕೇಳದಿದ್ದರೆ ಎದ್ದು ಬನ್ನಿ.

ಅವರು ಇನ್ನೊಂದು ಮಾತು ಮೊದಲೇ ಹೇಳಿದರು: "ಇದು ಸಂಸಾರ ರಿಪೇರಿ ಮಾಡೂ ಜಾಗ ಅಲ್ರಿ. ರಿಪೇರಿ ಮಾಡೂಣೋ ಬ್ಯಾಡೋ ಅನ್ನೂದು ಮೊದಲ ಆಗಲಿ." ಇದು ನನಗೆ ಹಿಡಿಸಿತು. ಕೊನೆಯವರೆಗೂ ಅವರು ಬಿಡಿ ಅಂತಲೂ ಹೇಳಲಿಲ್ಲ, ಕೂಡಿ ಇರಿ ಅಂತಲೂ ಹೇಳಲಿಲ್ಲ.

ಮನೆಗೆ ಒಂದು ಕೆಲಸ ಕೊಟ್ಟರು. ಡಿವೋರ್ಸ್ ಆಗಿದೆ ಅಂತ ಇಟ್ಟುಕೊಂಡು ಯಾವುದೋ ಒಂದು ಮಂಗಳವಾರ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ಆಗುತ್ತದೆ ಅಂತ ಬರೆಯಬೇಕು. ಇಬ್ಬರೂ ಬೇರೆ ಬೇರೆ. ಸುಮ್ನೆ ಶಾಲೆ ಹುಡುಗರ ಪ್ರಬಂಧ ಅಂದುಕೊಂಡು ಕೂತೆ. ನನ್ನ ಮಂಗಳವಾರ ಅರ್ಧ ಪುಟಕ್ಕೆ ಮುಗಿಯಿತು: ಅಂಗಡಿ, ಊಟ, ಅಂಗಡಿ, ನಿದ್ದೆ. ಅವಳದು ಎರಡೂವರೆ ಪುಟ. ಮಗಳ ಟ್ಯೂಷನ್, ಗ್ಯಾಸ್ ಸಿಲಿಂಡರ್, ಜ್ವರ ಬಂದರೆ ಬ್ಯಾಂಕಿಗೆ ರಜೆ ಹೇಳುವುದು. ಮೇಡಂ ಎರಡನ್ನೂ ಓದಿಸಿ, "ಈಗಿನ ಮಂಗಳವಾರಕ್ಕೂ ಇದಕ್ಕೂ ಏನು ಫರಕ್ ಐತಿ?" ಅಂತ ಕೇಳಿದರು. ಹೆಂಡತಿ, "ಫರಕ್ ಒಂದ ರೀ. ತಿಂಗಳ ಒಂದನೇ ತಾರೀಖಿಗೆ ಫೋನ್ ಬರೂದಿಲ್ಲ" ಅಂದಳು.

ಅವಳ ಸಂಬಳ ಒಂದಕ್ಕೆ. ನನ್ನ ಅಂಗಡಿ ಸಾಲದ ಇಎಂಐ ಐದಕ್ಕೆ. ಫೋನ್ ಮಾಡದೆ ಏನು ಮಾಡಲಿ? ಈ ಒಂದು ವಿಷಯವನ್ನೇ ಹಿಡಿದು ಮುಂದಿನ ತಾಸುಗಳೆಲ್ಲ ಹೋದವು. ಉಪ್ಪಿಟ್ಟು ತಿಂದ ಪಂಚಾಯ್ತಿಯಲ್ಲಿ ದುಡ್ಡಿನ ಮಾತೇ ಬಂದಿರಲಿಲ್ಲ. ಕೊನೆಗೆ ಸಾಲವನ್ನು ಪೂರ್ತಿ ಅಂಗಡಿ ಖಾತೆಗೆ ಹಾಕಿಕೊಂಡೆ. ವ್ಯಾಪಾರ ಬಿಗಿಯಾಗಿದೆ, ಸುಳ್ಳು ಹೇಳಲ್ಲ.

ಕಾನೂನಿನ ಪ್ರಶ್ನೆಗೆ ಅವರು ಉತ್ತರ ಕೊಡುವುದಿಲ್ಲ, ಅದೂ ಒಳ್ಳೆಯದೇ. ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಂದರು. ಜಿಲ್ಲಾ ಕೋರ್ಟ್ ಇರುವಲ್ಲಿ ಇರುತ್ತದೆ, ಫೋನ್ 15100. ಹೆಂಗಸರಿಗೆ ಎಷ್ಟೇ ಸಂಬಳ ಇರಲಿ, 1987ರ ಕಾಯ್ದೆ ಪ್ರಕಾರ ಅಲ್ಲಿ ವಕೀಲರು ಫ್ರೀ. ಹೆಚ್ಚಿನ ಗಂಡಸರಿಗೆ ಆದಾಯದ ಮಿತಿ ಇದೆ. ಹಾಗಾಗಿ ಹೆಂಡತಿಯೇ ಗದಗದಲ್ಲಿ ಕೇಳಿಕೊಂಡು ಬಂದಳು. ಇಬ್ಬರೂ ಒಪ್ಪಿ ಅರ್ಜಿ ಹಾಕಿದರೆ (ಅದೇ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ) ಯಾರ ಮೇಲೂ ತಪ್ಪು ಹೊರಿಸಬೇಕಿಲ್ಲ. ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ತಕ್ಕ ಕಾರಣ ಇದ್ದರೆ ಕೋರ್ಟ್ ಆ ಆರು ತಿಂಗಳನ್ನು ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗದಗ-ಹುಬ್ಬಳ್ಳಿ ಅಂತ ಎರಡು ಊರಲ್ಲಿ ಇದ್ದೀವಲ್ಲ, ಅದೇ ಸಾಕು ಅಂತ ಲೆಕ್ಕ ಹಾಕುವ ಹಾಗಿಲ್ಲ. ನೌಕರಿಗಾಗಿ ದೂರ ಇರುವುದು ಬೇರೆ, ಗಂಡ-ಹೆಂಡತಿಯಾಗಿ ಬಾಳುವುದನ್ನೇ ನಿಲ್ಲಿಸುವುದು ಬೇರೆ. ಒಂದೇ ಸೂರಿನ ಕೆಳಗಿದ್ದವರೂ ಕಾನೂನಿನ ಲೆಕ್ಕದಲ್ಲಿ ಬೇರೆ ಇರಬಹುದಂತೆ.

ಹೇಗೂ ಕೋರ್ಟಿನವರೇ ರಾಜಿಗೆ ಮೀಡಿಯೇಷನ್‌ಗೆ ಕಳಿಸುತ್ತಾರಲ್ಲ, ಇಲ್ಲಿ ಯಾಕೆ ದುಡ್ಡು ಅಂತ ಕೇಳಬಹುದು. ಅಲ್ಲಿಗೆ ಹೋಗುವ ಹೊತ್ತಿಗೆ ಸುಳ್ಳೋ ನಿಜವೋ ಪುಟಗಟ್ಟಲೆ ಬರೆದಾಗಿರುತ್ತದೆ, ಅವಳು ಓದಿಯೂ ಆಗಿರುತ್ತದೆ. ಅದನ್ನು ಓದಿದ ಹೆಂಡತಿ ಮಂಗಳವಾರದ ಪ್ರಬಂಧ ಬರೆಯುತ್ತಾಳಾ?

ನೀವು ಏನು ತೀರ್ಮಾನ ಮಾಡಿದ್ರಿ ಅಂತ ಎಲ್ಲರೂ ಕೇಳುತ್ತಾರೆ. ಅರ್ಜಿ ಹಾಕಿಲ್ಲ. ಹಾಕುವುದಿಲ್ಲ ಅಂತಲೂ ಹೇಳಿಲ್ಲ. ಹಾಕಿದರೆ ಇಬ್ಬರೂ ಸೇರಿ ಹಾಕುವುದು ಅಂತ ಮಾತಾಗಿದೆ.

ಕೊರತೆಗಳೂ ಇವೆ. ಶನಿವಾರ ಸಮಯ ಸಿಗುವುದು ಕಷ್ಟ, ಗದಗದಿಂದ ಬರುವವರಿಗೆ ಬೇರೆ ದಿನ ಆಗುವುದಿಲ್ಲ. ಒಳಗಿನ ಗೋಡೆ ಪ್ಲೈವುಡ್ಡಿಂದು, ಹೊರಗೆ ಕೂತವರಿಗೆ ಅಳು ಕೇಳಿಸುತ್ತದೆ. ಧಾರವಾಡದಲ್ಲಿ ಹೊರಗೆ ಕೂತವರು ಯಾರದಾದರೂ ಬೀಗರೇ ಆಗಿರುತ್ತಾರೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ವಾಟ್ಸಾಪ್ ಮೆಸೇಜಿಗೆ. "ನಾಳೆ ನಿಮ್ಮ ದಂಪತಿ ಕೌನ್ಸೆಲಿಂಗ್ ಇದೆ" ಅಂತ ಕಳಿಸುತ್ತಾರೆ, ಅಂಗಡಿ ಫೋನಿಗೆ. ಬಿಲ್ ಮಾಡುವ ಹುಡುಗ ಅದನ್ನು ಗಿರಾಕಿ ಮುಂದೆಯೇ ಜೋರಾಗಿ ಓದಿದ.