‘ಕಾಮಿಕ್ಸ್ ಝೋನ್’ ಕ್ಯಾಸೆಟ್ ಕೊಳ್ಳುವ ಮುನ್ನ: ಐದೂವರೆ ಸಾವಿರ ಕಳೆದುಕೊಂಡವನ ಮಾತು

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಸೆಗಾ ಕಂಪನಿಯ ಹಳೆಯ ಟಿವಿ ಗೇಮ್ ಯಂತ್ರವಾದ ಮೆಗಾ ಡ್ರೈವ್‌ನ ‘ಕಾಮಿಕ್ಸ್ ಝೋನ್’ ಆಟದ ಅಸಲಿ ಕ್ಯಾಸೆಟ್ ಎಂದು ಯಾರಾದರೂ ಮಾರಲು ಬಂದರೆ, ಒಳಗಿನ ಸರ್ಕ್ಯೂಟ್ ಬೋರ್ಡಿನ ಫೋಟೊ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ನಾನು ಪೆಟ್ಟಿಗೆಯ ಚಿತ್ರ ನೋಡಿ ಐದೂವರೆ ಸಾವಿರ ಕಳುಹಿಸಿದೆ.

ಕಾರ್ಟ್ರಿಜ್ ಎನ್ನುವುದೇ ಸರಿಯಾದ ಹೆಸರು, ಗೊತ್ತು. ಆದರೆ ಬೇಸಿಗೆ ರಜೆಯಲ್ಲಿ ‘9999 ಇನ್ 1’ ಎಂದು ಬರೆದಿದ್ದ ಡಬ್ಬಿಯನ್ನು ಉಫ್ ಎಂದು ಊದಿ ಟಿವಿ ಗೇಮಿಗೆ ಸಿಕ್ಕಿಸಿ, ಒಳಗೆ ಅದೇ ಹತ್ತಾರು ಆಟಗಳು ಹೆಸರು ಬದಲಿಸಿಕೊಂಡು ಕುಳಿತಿರುವುದನ್ನು ಕಂಡ ನಮ್ಮಂಥವರಿಗೆ ಅದು ಕ್ಯಾಸೆಟ್ಟೇ. ಆಗಲೇ ಮೋಸ ಹೋಗಿ ಬುದ್ಧಿ ಕಲಿತಿರಬೇಕಿತ್ತು.

ಆದರೂ ಈ ಆಟದ ಅಂದ ಎಂಥವರನ್ನೂ ಮರುಳು ಮಾಡುವಂಥದ್ದು. 1995ರಲ್ಲಿ ಸೆಗಾ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಎಂಬ ಅಮೆರಿಕದ ತಂಡ ಮಾಡಿದ ಆಟ ಇದು. ಕಥಾನಾಯಕ ಸ್ಕೆಚ್ ಟರ್ನರ್ ಒಬ್ಬ ಕಾಮಿಕ್ಸ್ ಚಿತ್ರಕಾರ. ಗುಡುಗು ಮಳೆಯ ರಾತ್ರಿ ಅವನು ಬರೆಯುತ್ತಿದ್ದ ಹಾಳೆಗೆ ಸಿಡಿಲು ಹೊಡೆದು, ಅದರೊಳಗಿನ ಖಳ ಮಾರ್ಟಸ್ ಹೊರಗೆ ಬರುತ್ತಾನೆ, ತನ್ನನ್ನು ಬರೆದವನನ್ನೇ ಪುಟದೊಳಕ್ಕೆ ತಳ್ಳುತ್ತಾನೆ. ಅಲ್ಲಿಂದ ಮುಂದೆ ನಾವು ಆಡುವುದು ಕಾಮಿಕ್ಸ್ ಪುಟದಲ್ಲೇ. ಒಂದು ಚೌಕದಲ್ಲಿ ಎದುರಾಳಿಗಳನ್ನು ಮುಗಿಸಿದರೆ ಬಾಣದ ಗುರುತು ಮೂಡುತ್ತದೆ. ನಾಯಕ ಚೌಕದ ಅಂಚನ್ನು ದಾಟಿ ಪಕ್ಕದ ಚಿತ್ರಕ್ಕೆ ಹಾರುತ್ತಾನೆ. ಮಾತೆಲ್ಲ ಗುಳ್ಳೆಗಳಲ್ಲಿ. ಹೊಸ ಎದುರಾಳಿ ಬೇಕೆಂದರೆ ಮಾರ್ಟಸ್‌ನ ದೊಡ್ಡ ಕೈ ಪುಟದ ಮೇಲೆ ಬಂದು, ನಮ್ಮ ಕಣ್ಣೆದುರೇ ಗೀಚಿ ಜೀವ ತುಂಬಿ ಹೋಗುತ್ತದೆ. ಸ್ಕೆಚ್ ಕಾಲಡಿಯ ಹಾಳೆಯನ್ನೇ ಹರಿದು ಕಾಗದದ ವಿಮಾನ ಮಾಡಿ ಎಸೆಯುತ್ತಾನೆ. ಗುರಿ ತಪ್ಪಿದರೆ ಅದು ತಿರುಗಿ ಬಂದು ಅವನಿಗೇ ಬಡಿಯುತ್ತದೆ. ಮೂವತ್ತು ವರ್ಷ ಕಳೆದರೂ ಇಷ್ಟು ಜಾಣತನದ ಕಲ್ಪನೆ ಇರುವ ಆಟಗಳು ನನಗೆ ಬೆರಳೆಣಿಕೆಯಷ್ಟೇ ಸಿಕ್ಕಿವೆ.

ಹಣ ಹೋದ ಬಳಿಕವೂ ಹೊಗಳುತ್ತಿದ್ದೇನೆ, ನೋಡಿ.

ಮಾರಿದವನು ಪರವೂರಿನವನು. ಮಾತು ಬಲು ನಯ. ‘ಸರ್, ಏಳು ದಿನದೊಳಗೆ ತೊಂದರೆ ಕಂಡರೆ ವಾಪಸ್ ಕಳುಹಿಸಿ, ಪೂರ್ತಿ ಹಣ ಕೊಡುತ್ತೇನೆ’ ಎಂದ. ಪಾರ್ಸೆಲ್ ಬಂತು, ಸಿಕ್ಕಿಸಿದೆ, ಚಿತ್ರ ಬಂತು, ಸಂಗೀತ ಬಂತು. ನಿಶ್ಚಿಂತನಾದೆ. ಆತ ಕೊಟ್ಟ ಏಳು ದಿನ ಯಾವ ಲೆಕ್ಕಾಚಾರದ್ದು ಎಂಬುದು ಆಮೇಲೆ ತಿಳಿಯಿತು.

ಈ ಆಟದಲ್ಲಿ ಇರುವುದು ಮೂರು ಕಂತು, ಕಂತಿಗೆ ಎರಡು ಪುಟ, ಒಟ್ಟು ಆರೇ ಪುಟ. ಗೊತ್ತಿದ್ದವರು ಒಂದು ಗಂಟೆಯೊಳಗೆ ಮುಗಿಸುತ್ತಾರೆ. ಗೊತ್ತಿಲ್ಲದವರನ್ನು ಅದು ಅರೆದುಬಿಡುತ್ತದೆ. ಆರಂಭದಲ್ಲಿ ಒಂದೇ ಜೀವ. ನಡುವೆ ಉಳಿಸಿಕೊಳ್ಳುವಂತಿಲ್ಲ, ಪಾಸ್‌ವರ್ಡ್ ಇಲ್ಲ. ಸತ್ತರೆ ಮತ್ತೆ ಮೊದಲ ಪುಟ. ಇದನ್ನಾದರೂ ಸಹಿಸಬಹುದು. ನನ್ನನ್ನು ರೇಗಿಸಿದ್ದು ಇನ್ನೊಂದು: ದಾರಿಗೆ ಅಡ್ಡವಾದ ಪೆಟ್ಟಿಗೆ, ಬಾಗಿಲುಗಳನ್ನು ಗುದ್ದಿ ಒಡೆದರೆ ನಾಯಕನ ಶಕ್ತಿಯೇ ಇಳಿಯುತ್ತದೆ. ಒಡೆಯದೆ ಮುಂದೆ ಹೋಗುವ ದಾರಿ ಎಷ್ಟೋ ಕಡೆ ಇಲ್ಲ. ಕಾಗದದ ವಿಮಾನಕ್ಕೂ ಶಕ್ತಿಯನ್ನೇ ತೆರಬೇಕು. ತುಂಬಿಸಿಕೊಳ್ಳಲು ಸಿಗುವುದು ಅಪರೂಪಕ್ಕೊಂದು ಐಸ್ ಟೀ ಡಬ್ಬಿ. ರೋಡ್‌ಕಿಲ್ ಎಂಬ ಸಾಕಿದ ಇಲಿಯೊಂದಿದೆ. ಅದನ್ನು ಕೆಳಗೆ ಬಿಟ್ಟರೆ ಅಡಗಿಸಿಟ್ಟ ವಸ್ತುಗಳನ್ನು ಹುಡುಕಿ ಕೊಡುತ್ತದೆ. ಇಡೀ ಆಟದಲ್ಲಿ ನನ್ನ ಮೇಲೆ ಕರುಣೆ ತೋರಿಸಿದ್ದು ಆ ಇಲಿ ಒಂದೇ.

ಮಕ್ಕಳು ಮಲಗಿದ ಮೇಲೆ ದಿನಕ್ಕೆ ಮುಕ್ಕಾಲು ಗಂಟೆ ಆಡುವ ನನ್ನಂಥವನು ಮೊದಲ ಕಂತು ದಾಟಿದ್ದು ಹನ್ನೊಂದನೆಯ ದಿನ. ಎರಡನೆಯ ಕಂತಿನ ಹಿಮಾಲಯದ ಚಿತ್ರ ಮೂಡಿತು, ನಾಲ್ಕು ಹೆಜ್ಜೆ ಇಟ್ಟೆ, ಪರದೆ ಸ್ತಬ್ಧವಾಯಿತು. ಸಂಗೀತದ ಒಂದೇ ಸ್ವರ ಕೊಂಯ್ ಎಂದು ಎಳೆಯುತ್ತಿತ್ತು. ಮರುದಿನ ಮತ್ತೆ ಅಲ್ಲಿಗೆ ತಲುಪಿದೆ. ಅದೇ ಜಾಗ, ಅದೇ ಸ್ವರ.

ಮಾರಿದವನಿಗೆ ಬರೆದರೆ ‘ಅವಧಿ ಮುಗಿದಿದೆ ಸರ್’ ಎಂಬ ಉತ್ತರ. ಆಮೇಲೆ ಉತ್ತರವೂ ಇಲ್ಲ.

ಆಗ ಕ್ಯಾಸೆಟ್ ಬಿಚ್ಚಿದೆ. ಬಿಚ್ಚಲು ಸಾಧ್ಯವಾದದ್ದೇ ಮೊದಲ ಸಾಕ್ಷಿ. ಸೆಗಾದ ಅಸಲಿ ಕ್ಯಾಸೆಟ್ಟುಗಳಿಗೆ ಸಾಮಾನ್ಯವಾಗಿ 3.8 ಮಿಲಿಮೀಟರಿನ ವಿಶೇಷ ಸ್ಕ್ರೂ ಇರುತ್ತದೆ, ಅದಕ್ಕೆ ಬೇರೆಯೇ ಬಿಟ್ ಬೇಕು. ನನ್ನದು ಮನೆಯ ಸ್ಟಾರ್ ಸ್ಕ್ರೂಡ್ರೈವರ್‌ಗೆ ತೆರೆದುಕೊಂಡಿತು. ಒಳಗೆ ಅಂಗೈಯ ಮೂರರಲ್ಲೊಂದು ಪಾಲಿನ ಬೋರ್ಡು, ಕಾಲುಗಳಿರುವ ಚಿಪ್ ಇರಬೇಕಾದಲ್ಲಿ ಕರಿ ಅಂಟಿನ ಉಂಡೆ. ಸೆಗಾ ಎಂಬ ಹೆಸರು ಬೋರ್ಡಿನ ಮೇಲೆ ಎಲ್ಲೂ ಇರಲಿಲ್ಲ. ಹೊರಗಿನ ಮುದ್ರಣವಂತೂ ಈಗಲೂ ಲಕಲಕ ಹೊಳೆಯುತ್ತಿದೆ.

ಈಗಾಗಲೇ ಕೊಂಡುಬಿಟ್ಟವರು ನನ್ನಂತೆ ಹನ್ನೊಂದು ದಿನ ಗುದ್ದಾಡಬೇಕಿಲ್ಲ. ಆಯ್ಕೆಗಳ ಪುಟದಲ್ಲಿ ಜ್ಯೂಕ್‌ಬಾಕ್ಸ್ ಇದೆ. ಅಲ್ಲಿ 14, 15, 18, 5, 13, 1, 3, 18, 15, 6 ಸಂಖ್ಯೆಯ ಹಾಡುಗಳನ್ನು ಇದೇ ಕ್ರಮದಲ್ಲಿ ನುಡಿಸಿದರೆ ಬೇಕಾದ ಪುಟಕ್ಕೆ ನೇರವಾಗಿ ಹೋಗಬಹುದು. (ಈ ಸಂಖ್ಯೆಗಳನ್ನು ಇಂಗ್ಲಿಷ್ ಅಕ್ಷರಮಾಲೆಗೆ ಹೊಂದಿಸಿ ಹಿಂದಿನಿಂದ ಓದಿದರೆ ‘ಫಾರ್ ಕ್ಯಾಮರಾನ್’ ಎಂದಾಗುತ್ತದೆ. ಕಾದಾಟಕ್ಕಿಂತ ಇದನ್ನು ಬಿಡಿಸಿದ್ದೇ ನನಗೆ ಹೆಚ್ಚು ಖುಷಿ ಕೊಟ್ಟಿತು.) ಪಾರ್ಸೆಲ್ ಬಂದ ದಿನವೇ ಆರೂ ಪುಟಗಳನ್ನು ಒಮ್ಮೆ ತೆರೆದು ಸ್ವಲ್ಪ ಸ್ವಲ್ಪ ಆಡಿ ನೋಡಿ. ಬರೀ ಆಟ ಬೇಕು, ಡಬ್ಬಿಯ ಹಂಬಲವಿಲ್ಲ ಎನ್ನುವವರಿಗೆ ಸೆಗಾದ ಹಳೆಯ ಆಟಗಳ ಸಂಕಲನಗಳು ಸಾಕು; ಅವುಗಳಲ್ಲಿ ನಡುವೆ ಉಳಿಸಿಕೊಳ್ಳುವ ಅನುಕೂಲ ಇರುವಂಥದ್ದನ್ನೇ ಆರಿಸಿ.

ಮೊನ್ನೆ ಅದೇ ಪೆಟ್ಟಿಗೆಯ ಫೋಟೊ ಬೇರೊಂದು ಹೆಸರಿನಲ್ಲಿ ಮತ್ತೆ ಮಾರಾಟಕ್ಕೆ ಕಾಣಿಸಿತು. ಬೆಲೆ ಈಗ ಆರು ಸಾವಿರ. ಪೆಟ್ಟಿಗೆಯ ಕೆಳಗೆ ಹಾಸಿರುವುದು ಕೆಂಪು ಹೂಗಳ ಮೇಜುಬಟ್ಟೆ, ಬಲ ಮೂಲೆಯಲ್ಲಿ ಚಹಾದ ಕಲೆ. ಕಂಡರೆ ಮುಂದಕ್ಕೆ ಸರಿಸಿಬಿಡಿ.